ದಂಡೆಯ ಮೇಲೆ ನಿಂತವರು

ಈ ಬೇಸಿಗೆ ರಜೆಗೆ ಮೊಮ್ಮಗಳು ಹುಬ್ಬಳ್ಳಿಯಿಂದ ಶಹಾಪುರದ ನಮ್ಮ ಮನೆಗೆ ಬಂದಿದ್ದಳು. ಎಂಟನೆಯ ಇಯತ್ತೆ ಮುಗಿಸಿದ್ದಾಳೆ. ಶಾಲೆಯಲ್ಲಿ ಶಿವರಾಮ ಕಾರಂತರ ಬಗ್ಗೆ ಕೇಳಿ ಬಂದವಳು ಒಂದು ಸಂಜೆ, "ಅಜ್ಜಾ, 'ಚೋಮನ ದುಡಿ' ಸಿನಿಮಾ ನೋಡೂಣೇನು?" ಎಂದಳು.

ನಾನು ಕೂಡಲೇ ಹೂಂ ಅನ್ನಲಿಲ್ಲ. ಆ ಸಿನಿಮಾದಲ್ಲಿ ಒಂದು ದೃಶ್ಯವಿದೆ. ಸುಮಾರು ಐವತ್ತು ವರ್ಷಗಳ ಹಿಂದೆ ಅದನ್ನು ಒಮ್ಮೆ ನೋಡಿದ್ದೆ. ಎರಡನೆಯ ಸಲ ನೋಡುವ ಧೈರ್ಯ ಮಾಡಿರಲಿಲ್ಲ.

ಒಳಗಿನಿಂದ ನಮ್ಮ ಮನೆಯವರು ಹೇಳಿದರು: "ಬ್ಯಾಡ ಬಿಡವ್ವಾ. ಸಿನಿಮಾದಾಗ ಹುಡುಗರು ಅತ್ರ ನಿಮ್ಮಜ್ಜನೂ ಅಳಾಕ ಕೂಡ್ತಾನ."

ಮಾತು ಸುಳ್ಳಲ್ಲ. ನನ್ನ ಈ ಅಳು ಇಂದಿನದಲ್ಲ. 1965ರಲ್ಲಿ ರಾಜಕುಮಾರ್ ಅವರ 'ಸತ್ಯ ಹರಿಶ್ಚಂದ್ರ' ಬಂದಾಗ ನನಗೆ ಹನ್ನೆರಡು ವರ್ಷ. ಅವ್ವ, ಓಣಿಯ ನಾಲ್ಕಾರು ಹೆಣ್ಣುಮಕ್ಕಳು, ಅವರ ಹಿಂದೆ ನಾನು, ರೈಲು ಹಳಿ ದಾಟಿ ಬೆಳಗಾವಿ ಪೇಟೆಗೆ ನಡೆದುಕೊಂಡೇ ಹೋಗಿದ್ದೆವು. ಲೋಹಿತಾಶ್ವನಿಗೆ ಹಾವು ಕಚ್ಚಿತು. ಪಂಢರಿಬಾಯಿಯವರ ಚಂದ್ರಮತಿ ಮಗನ ಹೆಣ ಹೊತ್ತು ಸ್ಮಶಾನಕ್ಕೆ ಬಂದಳು. ಹೆಂಗಸರು ಕೂತಿದ್ದ ಕಡೆಯೆಲ್ಲ ಬಿಕ್ಕುವ ಸದ್ದು. ಅವ್ವ ತನ್ನ ಸೆರಗನ್ನು ನನ್ನ ಕಣ್ಣಿಗೆ ಅಡ್ಡ ಹಿಡಿದಳು. ನಮ್ಮ ಶಹಾಪುರದ ಮಗ್ಗದ್ದೇ ಸೀರೆ, ಉಟ್ಟು ಉಟ್ಟು ತೆಳುವಾಗಿತ್ತು. ಅದರೊಳಗಿಂದ ನನಗೆ ಎಲ್ಲವೂ ಕಾಣುತ್ತಿತ್ತು! ನಾನೂ ಅತ್ತೆ. ಅವ್ವ ಕಿವಿಯಲ್ಲಿ, "ಅಳಬ್ಯಾಡೋ, ದೇವರು ಎಬ್ಬಸ್ತಾನ" ಎಂದಳು. ಕೊನೆಗೆ ಲೋಹಿತಾಶ್ವ ಎದ್ದು ಕೂತ. ಎಲ್ಲರೂ ಕಣ್ಣೊರೆಸಿಕೊಂಡು ನಗುತ್ತ ಮನೆಗೆ ಬಂದೆವು.

1983ರಲ್ಲಿ ನನ್ನ ಮಗನನ್ನು 'ಭಕ್ತ ಪ್ರಹ್ಲಾದ'ಕ್ಕೆ ಕರೆದುಕೊಂಡು ಹೋದಾಗಲೂ ಹಾಗೆಯೇ ಆಯಿತು. ಅವನಿಗಾಗ ಐದು ವರ್ಷ. ಪುಟ್ಟ ಪ್ರಹ್ಲಾದನಿಗೆ ಕೊಡುವ ಶಿಕ್ಷೆಗಳನ್ನು ನೋಡಿ ಹುಡುಗ ಕಿರುಚಿ ನನ್ನ ಎದೆಗೆ ಅವಚಿಕೊಂಡ. ಹಿರಣ್ಯಕಶಿಪು ಆದವರು ರಾಜಕುಮಾರ್, ಪ್ರಹ್ಲಾದನಾದವನು ಅವರದೇ ಮಗ ಲೋಹಿತ್, ಮುಂದೆ ನಮಗೆಲ್ಲ ಪುನೀತ್ ಆದವರು. ನಾನು ಮಗನಿಗೆ, "ಅವರಿಬ್ಬರೂ ಖರೇನ ಅಪ್ಪ-ಮಗ. ಆಟ ಮುಗಿದ ಮ್ಯಾಲೆ ಇಬ್ಬರೂ ಕೂಡಿ ಊಟಕ್ಕ ಕೂಡ್ತಾರ" ಎಂದೆ. ಅವನು ಕಣ್ಣು ತೆರೆದು ಪೂರ್ತಿ ಸಿನಿಮಾ ನೋಡಿದ.

ಆ ಎರಡೂ ಸಿನಿಮಾಗಳಲ್ಲಿ ದೇವರು ಬರುತ್ತಾನೆ. 'ಚೋಮನ ದುಡಿ'ಯಲ್ಲಿ ಯಾರೂ ಬರುವುದಿಲ್ಲ.

ಕಾರಂತರ ಕಾದಂಬರಿ 1933ರದು. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಆ ವರ್ಷದ ದೇಶದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಸ್ವಂತಕ್ಕೊಂದು ತುಂಡು ಹೊಲ ಬೇಕೆಂಬ ಆಸೆಯ ಚೋಮನದು ಅಸ್ಪೃಶ್ಯ ಜಾತಿ. ಅವನ ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಂಡೆಯ ಮೇಲೆ ಜನ ಇದ್ದಾರೆ. ಆದರೆ ಮುಟ್ಟಬಾರದವರ ಹುಡುಗನೆಂದು ಯಾರೂ ನೀರಿಗೆ ಇಳಿಯುವುದಿಲ್ಲ.

ನಾನು ಅದನ್ನು ನೋಡಿದ್ದು 1976ರಲ್ಲಿ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿದ ಹೊಸತು. ಭಾನುವಾರದ ಬೆಳಗಿನ ಆಟಕ್ಕೆ ಗೆಳೆಯನೊಬ್ಬನ ಜೊತೆ ಹೋಗಿದ್ದೆ. ಆ ದೃಶ್ಯ ಬಂದಾಗ ಇಬ್ಬರೂ ಕರವಸ್ತ್ರ ತೆಗೆದೆವು. ಇಷ್ಟನ್ನು ನಾನು ಮನೆಯಲ್ಲಿ ಹಲವು ಸಲ ಹೇಳಿದ್ದೇನೆ. ಅದರ ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ.

ಮೊಮ್ಮಗಳ ಹಟಕ್ಕೆ ಕೊನೆಗೆ ಒಪ್ಪಿದೆ. ಆದರೆ ಮೊದಲೇ ಹೇಳಿದೆ: "ನೋಡವ್ವಾ, ಇದರಾಗ ಒಬ್ಬ ಸಣ್ಣ ಹುಡುಗ ಸಾಯ್ತಾನ. ನೋಡಾಕ ಆಗದಿದ್ರ ಹೇಳು, ನಿಲ್ಲಸೂಣು." ಅವಳು ನನ್ನ ಪಕ್ಕಕ್ಕೆ ಸರಿದು ಕೂತಳು. ದೃಶ್ಯ ಬಂತು. ನಾನು ಕನ್ನಡಕ ತೆಗೆದು ಒರೆಸುತ್ತ ಕೂತೆ. ಅವಳು ಅಳಲಿಲ್ಲ, ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಮುಗಿದ ಮೇಲೆ ಅವಳ ಮೊದಲ ಪ್ರಶ್ನೆ: "ಆ ಹುಡುಗಗ ಖರೇನ ಏನರ ಆಗಿತ್ತೇನಜ್ಜಾ?"

"ಇಲ್ಲವ್ವಾ, ಅದು ನಟನೆ" ಎಂದೆ. ಈಗಂತೂ ಸಿನಿಮಾದಲ್ಲಿ ಕೆಲಸ ಮಾಡುವ ಮಕ್ಕಳಿಗೆ ಕಾನೂನಿನ ಕಾವಲಿದೆ ಎಂದು ವಿವರಿಸಿದೆ. 2017ರ ನಿಯಮದಂತೆ ಮಗುವಿನಿಂದ ದಿನಕ್ಕೆ ಐದು ತಾಸಿಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ವಿಶ್ರಾಂತಿಯಿಲ್ಲದೆ ಒಂದೇ ಸಮ ಮೂರು ತಾಸು ದಾಟುವಂತಿಲ್ಲ. ಶಾಲೆ ತಪ್ಪಿಸುವಂತಿಲ್ಲ. ಅವರ ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು.

"ಅಜ್ಜಾ, ನೀ ಎಲ್ಲಾದರಾಗೂ ಎಫ್‌ಡಿ ತರ್ತಿ ನೋಡು!" ಎಂದು ನಕ್ಕಳು. ನನಗೂ ನಗು ಬಂತು.

ಆಮೇಲೆ ಎರಡನೆಯ ಪ್ರಶ್ನೆ: "ಅಷ್ಟು ಮಂದಿ ನಿಂತಿದ್ರಲ್ಲ, ಯಾರೂ ಯಾಕ ಇಳೀಲಿಲ್ಲ?" ಜಾತಿಯ ಬಗ್ಗೆ, ಆ ಕಾಲದ ಬಗ್ಗೆ ತಿಳಿದಷ್ಟು ಹೇಳಿದೆ. ಅವಳು ಸುಮ್ಮನೆ ಕೇಳಿ, ಮೂರನೆಯ ಪ್ರಶ್ನೆ ಹಾಕಿದಳು: "ನೀ ಅಲ್ಲಿ ಇದ್ದಿದ್ರ ಇಳೀತಿದ್ದಿ?"

"ಹೂಂ" ಅನ್ನುವುದು ಸುಲಭವಿತ್ತು. ಬಾಯಿ ಬರಲಿಲ್ಲ. ಐವತ್ತು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಅವಳ ಮುಂದೆ ಹೇಳಿದೆ.

1976ರ ಆ ಭಾನುವಾರ ಸಿನಿಮಾ ಮುಗಿಸಿ ನಾನೂ ಗೆಳೆಯನೂ ಒಂದು ಚಹಾದ ಅಂಗಡಿಗೆ ಹೋದೆವು. ಕಣ್ಣು ಇನ್ನೂ ಕೆಂಪಗಿದ್ದವು. ಅಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಕಪ್ಪು-ಬಶಿ ತೊಳೆಯುತ್ತಿದ್ದ. ಅವನ ಕೈಯಿಂದ ಒಂದು ಗ್ಲಾಸು ಬಿದ್ದು ಒಡೆಯಿತು. ಮಾಲೀಕ ಎದ್ದು ಬಂದು ಹುಡುಗನ ಕಿವಿ ಹಿಂಡಿ, ಕಪಾಳಕ್ಕೆ ಹೊಡೆದ. ಮತ್ತೆ ಹೊಡೆದ. ಹುಡುಗ ಅಳಲಿಲ್ಲ. ಅಂಗಡಿಯಲ್ಲಿದ್ದ ನಮ್ಮ ಕಡೆಗೆಲ್ಲ ಒಮ್ಮೆ ನೋಡಿದ. ನಾವು ಚಹಾ ಕುಡಿದೆವು, ಚಿಲ್ಲರೆ ಎಣಿಸಿ ಕೊಟ್ಟೆವು, ಎದ್ದು ಬಂದೆವು. ದಾರಿಯುದ್ದಕ್ಕೂ ವಾಸುದೇವರಾಯರ ನಟನೆಯ ಬಗ್ಗೆ ಮಾತಾಡಿದೆವು.

"ನಾ ಅವತ್ತ ಇಳೀಲಿಲ್ಲವ್ವಾ" ಎಂದೆ.

ಮೊಮ್ಮಗಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನೀ ದಿನಾ ಚಹಾ ಕುಡಿಯಾಕ ಹೋಗ್ತೀಯಲ್ಲ, ಆ ಗಾಡಿಯಾಗೂ ಒಬ್ಬ ಹುಡುಗ ಅದಾನ" ಎಂದಳು.

ಇದ್ದ. ಆರು ತಿಂಗಳಿಂದ ಮುಂಜಾನೆ ವಾಕಿಂಗ್ ಮುಗಿಸಿ ಅವನ ಕೈಯಿಂದಲೇ ಚಹಾ ಇಸಿದುಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಇರಬಹುದು. ನನ್ನ ಕಣ್ಣಿಗೆ ಅವನು ಬಿದ್ದೇ ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಹೀಗೆ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವೆಂದು ನನಗೆ ಗೊತ್ತಿಲ್ಲದ್ದೇನಲ್ಲ.

ಮರುದಿನ 1098ಕ್ಕೆ ಫೋನ್ ಮಾಡಿದೆ. ಅದು ಮಕ್ಕಳ ಸಹಾಯವಾಣಿ. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು. ಕಷ್ಟದಲ್ಲಿರುವ ಮಗು ತಾನೇ ಮಾಡಬಹುದು, ಕಂಡವರೂ ಮಾಡಬಹುದು. ನಂಬರು ಒತ್ತುವಾಗ ಎಪ್ಪತ್ತು ದಾಟಿದ ನನ್ನ ಕೈ ನಡುಗಿತು. ಆ ಕಡೆಯ ಹೆಣ್ಣುಮಗಳು ಜಾಗ ಎಲ್ಲಿ, ಹುಡುಗನ ವಯಸ್ಸೆಷ್ಟು ಎಂದು ಸಾವಕಾಶ ಕೇಳಿ ಬರೆದುಕೊಂಡಳು.

ಕೆಲವು ದಿನಗಳ ಮೇಲೆ ಹುಡುಗ ಗಾಡಿಯಲ್ಲಿ ಇರಲಿಲ್ಲ. "ಯಾರೋ ಫೋನ್ ಮಾಡ್ಯಾರ್ರೀ ಸಾಹೇಬ್ರ, ಬಂದು ಕರಕೊಂಡು ಹೋದ್ರು" ಎಂದ ಗಾಡಿಯವನು. ತಲೆಯಾಡಿಸಿ ಬಂದುಬಿಡಬಹುದಿತ್ತು. "ನಾನೇ ಮಾಡಿದ್ದು" ಎಂದೆ. ಅವನು ಕೊಟ್ಟ ಕಪ್ಪನ್ನು ತಿರುಗಿ ತೆಗೆದುಕೊಂಡ. ಅಂದಿನಿಂದ ನನಗೆ ಅಲ್ಲಿ ಚಹಾ ಇಲ್ಲ. ಹುಡುಗ ಊರಿಗೆ, ತಾಯಿಯ ಹತ್ತಿರ ಹೋದನೆಂದು ಪಕ್ಕದ ಅಂಗಡಿಯವರು ಹೇಳಿದರು. ಶಾಲೆಗೆ ಹೋಗುತ್ತಿದ್ದಾನೋ ಇಲ್ಲವೋ ತಿಳಿಯದು.

ನನ್ನ ವಯಸ್ಸಿನ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಸಿನಿಮಾಗಳಿಗೆ ಈಗ ಏಳು, ಹದಿಮೂರು, ಹದಿನಾರು ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತುಗಳಿವೆ. ಅವನ್ನು ನೋಡಿಯೇ ತೋರಿಸಿ, ಎಳೆಯ ಮಕ್ಕಳಿಗೆ ಕಠಿಣವಾದದ್ದು ಬೇಡ. ಆದರೆ ತಿಳಿವಳಿಕೆ ಬಂದ ಮಕ್ಕಳ ಕಣ್ಣಿಗೆ ಸೆರಗು ಹಿಡಿಯಬೇಡಿ, ಅದರೊಳಗಿಂದ ಅವರಿಗೆ ಕಾಣುತ್ತದೆ. ಏನು ಬರಲಿದೆ ಎಂದು ಮೊದಲೇ ಹೇಳಿ, ಪಕ್ಕದಲ್ಲಿ ಕೂಡಿ. "ಅದು ಬರೇ ಸಿನಿಮಾ" ಎಂದು ಪ್ರಶ್ನೆಯನ್ನು ಮುಚ್ಚಬೇಡಿ. ಮಕ್ಕಳೇ, ನಿಮಗೂ ಒಂದು ಮಾತು. ಸಿನಿಮಾ ನೋಡಿ ಅಳು ಬಂದರೆ ನಾಚಬೇಡಿ. ಅಳು ಬರುವವರಿಗೇ ದಂಡೆಯಿಂದ ಇಳಿಯುವ ಮನಸ್ಸೂ ಬರಬಹುದು. ನನ್ನ ಹಾಗೆ ಐವತ್ತು ವರ್ಷ ತಡ ಮಾಡಬೇಡಿ, ಅಷ್ಟೇ.

ಗಾಡಿಯ ಸಂಗತಿಯನ್ನು ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಖುಷಿಯಾಯಿತು.

"ಆ ಹುಡುಗನ ಹೆಸರೇನಜ್ಜಾ?" ಎಂದಳು.

ಆರು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.