ತುಂಗಭದ್ರಾ ತೀರದ ಮೋರೇರ ಗುಡ್ಡ

ನಾನು 30 ವರ್ಷಗಳ ಕಾಲ ಪಾಠಶಾಲೆಯಲ್ಲಿ ಕಿಷ್ಕಿಂಧಾಕಾಂಡವನ್ನು ಬೋಧಿಸಿದವನು. ವಾಲ್ಮೀಕಿಗಳು ಕಿಷ್ಕಿಂಧೆಯನ್ನು ಗುಹೆಯೆಂದೇ ವರ್ಣಿಸಿರುವರು. ಆ ಪದಕ್ಕೆ ಅರ್ಥವನ್ನು ಬರೆಯಿಸಿದೆನೇ ಹೊರತು, ಒಂದು ದಿನವಾದರೂ ಶಿಷ್ಯರನ್ನು ಕರೆದೊಯ್ದು ಆ ಪ್ರಾಂತದ ಗುಹೆಗಳನ್ನು ತೋರಿಸಲಿಲ್ಲ. ಈ ಲೋಪವನ್ನು ಸ್ವಲ್ಪಮಟ್ಟಿಗಾದರೂ ಸರಿಪಡಿಸಿಕೊಳ್ಳಬೇಕೆಂದು, ಕಳೆದ ಮಾಘಮಾಸದಲ್ಲಿ ಹತ್ತು ವರ್ಷದ ಮೊಮ್ಮಗನೊಡನೆ ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕಿರುವ ಹಿರೇಬೆಣಕಲ್ ಗ್ರಾಮವನ್ನು ಸೇರಿದೆನು.

ತುಂಗಭದ್ರೆಯ ಈ ಕಣಿವೆಯಲ್ಲಿ ಕೆಳಗೆ ಹಸುರಾದ ಬತ್ತದ ಗದ್ದೆಗಳು. ಮೇಲೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹೆಬ್ಬಂಡೆಗಳು. ಹೊಳೆಯ ಮಡುಗಳಲ್ಲಿ ನೀರುನಾಯಿಗಳು ಕುಟುಂಬಸಮೇತವಾಗಿ ಮೀನು ಹಿಡಿಯುತ್ತವೆ. ಅವುಗಳ ರಕ್ಷಣೆಗಾಗಿಯೇ 2015ರಲ್ಲಿ ನದಿಯ ಒಂದು ಭಾಗವು ಮೀಸಲಾಯಿತು. ದಕ್ಷಿಣ ದಡದಾಚೆ ದರೋಜಿಯಲ್ಲಿ 1994ರಿಂದ ಕರಡಿಗಳ ಅಭಯಧಾಮವಿರುವುದು. ಇಂದು ಕರಡಿ, ಚಿರತೆಗಳಿಗೆ ಮನೆಯಾಗಿರುವ ಇಂತಹ ಕಲ್ಲಿನ ಸಂದುಗಳೇ ಒಂದಾನೊಂದು ಕಾಲದಲ್ಲಿ ಮನುಷ್ಯನಿಗೂ ಆಶ್ರಯವಾಗಿದ್ದುವು.

ಬಿಸಿಲೇರುವ ಮುನ್ನವೇ ಗುಡ್ಡವನ್ನು ಹತ್ತಿದೆವು. ಮೇಲೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮತ್ತೊಂದನ್ನು ಮುಚ್ಚಿಗೆಯಾಗಿ ಹೊದಿಸಿದ ಪುಟ್ಟ ಮನೆಗಳ ಊರೇ ಇದ್ದಿತು. ಕೆಲವಕ್ಕೆ ದುಂಡನೆಯ ಕಿಂಡಿಯುಂಟು. ಮೋರೇರೆಂಬ ಕುಳ್ಳರು ಇಲ್ಲಿ ವಾಸಿಸುತ್ತಿದ್ದರೆಂದು ಊರವರು ಹೇಳುವರು. ಇವು 2000 ವರ್ಷಗಳಿಗೂ ಹಿಂದೆ, ಕಬ್ಬಿಣದ ಯುಗದ ಜನರು ಮೃತರಿಗಾಗಿ ಕಟ್ಟಿದ ಸ್ಮಾರಕಗಳೆಂಬುದು ಪಂಡಿತರ ನಿರ್ಣಯ. ಇವುಗಳ ಸಂಖ್ಯೆ ಸುಮಾರು 400. ಸಮೀಪದ ನಗಾರಿಗುಂಡನ್ನು ಕಲ್ಲಿನಿಂದ ಬಡಿದರೆ ನಗಾರಿಯಂತೆಯೇ ಮೊಳಗುವುದು.

ಬಂಡೆಯೊಂದರ ಅಡಿಯ ಗವಿಯಲ್ಲಿ ಕೆಮ್ಮಣ್ಣಿನ ಚಿತ್ರಗಳನ್ನು ಕಂಡೆವು: ಜಿಂಕೆ, ಕುದುರೆ, ಆಯುಧ ಹಿಡಿದವರು, ಕೈಗೆ ಕೈ ಸೇರಿಸಿ ಕುಣಿಯುವವರು. ಪಕ್ಕದಲ್ಲಿಯೇ ಯಾರೋ ಇದ್ದಿಲಿನಿಂದ ತಮ್ಮ ಹೆಸರುಗಳನ್ನು ದಪ್ಪಕ್ಷರಗಳಲ್ಲಿ ಬರೆದಿದ್ದರು.

"ತಾತ, ಚಿತ್ರ ಬರೆದವರು ತಮ್ಮ ಹೆಸರನ್ನು ಏಕೆ ಬರೆಯಲಿಲ್ಲ?" ಎಂದು ಹುಡುಗನು ಕೇಳಿದನು.

"ಅವರಿಗೆ ಅಕ್ಷರ ತಿಳಿದಿರಲಿಲ್ಲ, ಮಗು."

"ಹಾಗಾದರೆ ಇವರಿಗೆ ಅಕ್ಷರ ಕಲಿಸಿದವರು ಯಾರು?"

ನನಗೆ ನಾಲಿಗೆ ಏಳಲಿಲ್ಲ. ಕಲಿಸಿದವನು ನನ್ನಂತಹ ಉಪಾಧ್ಯಾಯನೇ ಅಲ್ಲವೆ?

2021ರಲ್ಲಿ ಈ ಸ್ಥಳವು ವಿಶ್ವಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಯನ್ನು ಸೇರಿತು, ಸಂತೋಷವೇ. ಆದರೆ ಪಟ್ಟಿಯು ಗವಿಯ ಬಾಗಿಲನ್ನು ಕಾಯಲಾರದು. ಗೃಹಸ್ಥರಾದ ವಾಚಕರು ಬುತ್ತಿಯನ್ನೂ ನೀರನ್ನೂ ಕಟ್ಟಿಕೊಂಡು, ಮಕ್ಕಳೊಡನೆ ಒಮ್ಮೆ ಇಲ್ಲಿಗೆ ಬರಬೇಕೆಂದು ನನ್ನ ಪ್ರಾರ್ಥನೆ. ಬರೆಯುವುದನ್ನು ಕಲಿಸಿದ ನಾವು ಎಲ್ಲಿ ಬರೆಯಬಾರದೆಂಬುದನ್ನೂ ಕಲಿಸತಕ್ಕದ್ದು. ಆ ಪಾಠಕ್ಕೆ ಈ ಗವಿಗಿಂತ ಉತ್ತಮವಾದ ಪಾಠಶಾಲೆಯಿಲ್ಲ.