ಹುಲ್ಲಿಗೂ ಒಂದು ಬೇಲಿ

ಹಸು ಹುಲ್ಲು ತಿನ್ನುತ್ತದೆ ಎಂಬುದು ಒಂದನೆಯ ತರಗತಿಯ ಪಾಠ. ಅದಕ್ಕಿಂತ ಹೆಚ್ಚೇನನ್ನೂ ಅರಿಯದೆ ನಾನು ಅರವತ್ತು ವರ್ಷ ಬದುಕಿದೆ. ಬೆಂಗಳೂರಿನಲ್ಲಿ ಗುಮಾಸ್ತೆಗಿರಿ ಮಾಡಿ ನಿವೃತ್ತನಾಗುವುದಕ್ಕೆ ಅದಕ್ಕಿಂತ ಹೆಚ್ಚಿನ ತಿಳಿವಳಿಕೆ ಬೇಕಾಗಲೂ ಇಲ್ಲ.

ಹೋದ ಶ್ರಾವಣದಲ್ಲಿ ಅಣ್ಣನಿಂದ ಕರೆ ಬಂತು. ಅಜ್ಜಂಪುರದ ಕಡೆ ನಮಗೆ ನಾಲ್ಕೆಕರೆ ಹುಲ್ಲಿನ ಹೊಲವಿದೆ. “ಅಲ್ಲಿ ಹುಲ್ಲೇ ಹುಟ್ಟುವುದಿಲ್ಲ. ಉತ್ತು ಅಡಕೆ ಹಾಕೋಣ. ನಿನ್ನ ರುಜು ಬೇಕು, ಬಂದು ಹೋಗು” ಎಂದ. ರುಜು ಹಾಕುವುದೊಂದು ನಾನು ಚೆನ್ನಾಗಿ ಬಲ್ಲ ವಿದ್ಯೆ. ಲೇಖನಿಯನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟೆ.

ನಾನು ಹೋದಾಗ ಅಣ್ಣ ಪೇಟೆಗೆ ಹೋಗಿದ್ದ. ಹೊತ್ತು ಕಳೆಯಲೆಂದು ಹೊಲಕ್ಕೆ ನಡೆದೆ. ಅಪ್ಪನ ಕಾಲದಿಂದ ದನ ಕಾಯುತ್ತಿರುವ ಮುದುಕ ಹೊಂಗೆಯ ನೆರಳಿನಲ್ಲಿ ಕುಳಿತಿದ್ದ. “ಕೂತು ನೋಡಿ ಸ್ವಾಮಿ, ದನ ಕಂಡ ಹುಲ್ಲನ್ನೆಲ್ಲ ತಿನ್ನಾಕಿಲ್ಲ” ಎಂದ.

ನೋಡಿದೆ. ಹಸುವಿಗೆ ಮೇಲ್ದವಡೆಯ ಮುಂದುಗಡೆ ಹಲ್ಲಿಲ್ಲ. ನಾಲಗೆ ಚಾಚಿ, ಹುಲ್ಲನ್ನು ಸುತ್ತಿ ಹಿಡಿದು ಕಿತ್ತುಕೊಳ್ಳುತ್ತದೆ. ದಿನಕ್ಕೆ ಸುಮಾರು 8 ಗಂಟೆ ಇದೇ ಕೆಲಸ. ನನ್ನ ಕಚೇರಿಯ ವೇಳೆಯಷ್ಟೇ. ಆದರೆ ಅದರ ಆಯ್ಕೆ ನನ್ನದಕ್ಕಿಂತ ಚುರುಕು. ಹೊಲದಲ್ಲಿ ಮೂರು ಬಗೆಯ ಹುಲ್ಲು: ನೆಲಕ್ಕಂಟಿ ಹಬ್ಬುವ ಗರಿಕೆ, ಎತ್ತರವಾಗಿ ಏಳುವ ಗಿನಿ ಹುಲ್ಲು, ಪಂಚೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು. ರಾಗಿ, ಜೋಳ, ಕಬ್ಬುಗಳಂತೆ ಮೂರೂ ಸೆಕೆಯನ್ನು ಮೆಚ್ಚುವ ಜಾತಿ. ಬಿಸಿಲೂ ಮಳೆಯೂ ಕೂಡಿದರೆ ಸರಸರನೆ ಬೆಳೆಯುತ್ತವೆ. ಅಷ್ಟೇ ಬೇಗ ತೆನೆ ಬಿಟ್ಟು ಕಡ್ಡಿಯಾಗುತ್ತವೆ. ಆಮೇಲೆ ನಾರು ಹೆಚ್ಚು, ಸತ್ವ ಕಡಮೆ. ಹಸು ಎಲೆಯನ್ನು ಎಳೆದುಕೊಂಡು ಕಡ್ಡಿಯನ್ನು ಬಿಡುತ್ತಿತ್ತು. ಸಗಣಿಯ ಸುತ್ತ ಸೊಂಪಾಗಿ ಬೆಳೆದುದನ್ನು ಮೂಸಿಯೂ ನೋಡದೆ ಮುಂದೆ ಹೋಗುತ್ತಿತ್ತು. ಊಬು ಬಿಟ್ಟ ಹುಲ್ಲಿನ ಗೊಡವೆಗೇ ಹೋಗಲಿಲ್ಲ. ಅಷ್ಟಗಲ ಹೊಲವಿದ್ದರೂ ಆಗಲೇ ಬೋಳಾಗಿದ್ದ ಒಂದು ಕಡೆಗೇ ಮತ್ತೆ ಮತ್ತೆ ತಿರುಗುತ್ತಿತ್ತು.

“ಅಲ್ಲೇನಿದೆ?” ಎಂದೆ.

“ಹೋದ ವಾರ ಮೇಯ್ದ ಜಾಗ. ಎಳೆ ಚಿಗುರು ಬಂದದೆ. ರುಚಿ ಕಂಡದ್ದು ಬಿಡ್ತದಾ?”

ಕೇಡಿನ ಮೂಲ ಅಲ್ಲಿತ್ತು. ಚಿಗುರಿದಂತೆಲ್ಲ ಕಿತ್ತರೆ ಗಿನಿ ಹುಲ್ಲಿನ ಬುಡದ ಶಕ್ತಿ ತೀರಿ ಅದು ಸಾಯುತ್ತದೆ. ಗರಿಕೆ ಮಾತ್ರ ನಾಲಗೆಗೆ ಎಟುಕದಂತೆ ತೆವಳಿ ಬದುಕಿಕೊಳ್ಳುತ್ತದೆ. ಯಾರೂ ಮುಟ್ಟದ ಊಬಿನ ಹುಲ್ಲು ಬೀಜ ಉದುರಿಸಿ ಹೊಲವನ್ನೆಲ್ಲ ಆಳುತ್ತದೆ. ಒಳ್ಳೆಯದು ಸವೆಯುತ್ತದೆ, ಒಲ್ಲದ್ದು ಉಳಿಯುತ್ತದೆ.

ಅಪ್ಪ ಮುಳ್ಳುಬೇಲಿ ಹಾಕಿ ಹೊಲವನ್ನು ಮೂರು ಪಾಲು ಮಾಡಿದ್ದರು. ಒಂದರಲ್ಲಿ ದನ ಮೇಯುವಾಗ ಉಳಿದೆರಡಕ್ಕೆ ವಿಶ್ರಾಂತಿ. ಇದು ಅವರು ಕಂಡುಹಿಡಿದದ್ದೇನಲ್ಲ. ಮೈಸೂರು ಸೀಮೆಯಲ್ಲಿ ಅಮೃತಮಹಲಿನ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಹಿಂದೆಯೇ ವಿಂಗಡಿಸಿ ಹಿಂಡುಗಳನ್ನು ನಡೆಸುತ್ತಿದ್ದರು.

“ಬೇಲಿ ಏನಾಯಿತು?” ಎಂದು ಕೇಳುವ ಮೊದಲೇ ನೆನಪು ನನ್ನ ನಾಲಗೆಯನ್ನು ಕಟ್ಟಿತು. ಅಪ್ಪ ತೀರಿಕೊಂಡ ಮರುವರ್ಷ ಅಣ್ಣ ಕಾಗದ ಬರೆದಿದ್ದ: ಮುಳ್ಳು ಗೆದ್ದಲು ಹಿಡಿದಿದೆ, ತಂತಿ ಹಾಕಿಸಬೇಕು, ಖರ್ಚಿನಲ್ಲಿ ಅರ್ಧ ಕಳಿಸು ಎಂದು. “ಹುಲ್ಲಿಗೂ ಬೇಲಿಯೆ?” ಎಂದು ಒಂದು ಸಾಲಿನ ಉತ್ತರ ಬರೆದಿದ್ದೆ. ನನ್ನ ಹಾಸ್ಯಕ್ಕೆ ನಾನೇ ನಕ್ಕಿದ್ದೆ ಕೂಡ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನೀವು ಬಲ್ಲಿರಿ. ನಮ್ಮ ಹೊಲವನ್ನು ಮೇಯ್ದದ್ದು ಇಲ್ಲದ ಬೇಲಿ.

ಸಂಜೆ ಅಣ್ಣ ಕಾಗದ ಪತ್ರಗಳನ್ನು ಮುಂದಿಟ್ಟ. ತಂತಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಅವನು ನನ್ನನ್ನು ಬಹಳ ಹೊತ್ತು ನೋಡಿ, “ಈಗ ಕೇಳುತ್ತೀಯ?” ಎಂದ. ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ. ಪೂರ್ತಿ ಹಣ ನಾನೇ ಕೊಡುತ್ತೇನೆಂದೆ.

ಅವನು ಒಪ್ಪಿದನೆಂದು ಹೇಳಲಾರೆ. ಮುಂದಿನ ಮಳೆಗಾಲದವರೆಗೆ ಗಡುವು ಕೊಟ್ಟಿದ್ದಾನೆ. ಅಷ್ಟರಲ್ಲಿ ಗಿನಿ ಹುಲ್ಲು ಬುಡ ಕಟ್ಟದಿದ್ದರೆ ನಾನು ರುಜು ಹಾಕಬೇಕು. ಈ ವರ್ಷ ನಾನು ಪತ್ರಿಕೆ ತೆಗೆದರೆ ಮೊದಲು ನೋಡುವುದು ಮಳೆಯ ಸುದ್ದಿಯನ್ನು.