ಅಣ್ಣನ ಕೈಗೊಂದು ಗರಗಸ

ಘಾಟ್ಕೋಪರಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಒಂದು ಕಟ್ಟು ಸೌದೆ ಇಡಲೂ ಜಾಗವಿಲ್ಲ. ಆದರೂ ಕಳೆದ ಚಳಿಗಾಲವಿಡೀ ನಾನು ಓದಿದ್ದು ಮರ ಕೊಯ್ಯುವ ಮೆಷಿನ್‌ಗಳ ಬಗ್ಗೆ. ಕುಂದಾಪುರದ ಕಡೆಯ ಮನೆಯಲ್ಲಿ ಬಚ್ಚಲ ಹಂಡೆ ಈಗಲೂ ಸೌದೆಯಲ್ಲೇ ಕಾಯುತ್ತದೆ. ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ಮುಗಿಯುವುದರೊಳಗೆ ಕೊಯ್ದು, ಸೀಳಿ, ಕೊಟ್ಟಿಗೆಯಲ್ಲಿ ಒಟ್ಟಬೇಕು. ಗಂಟೆ ಲೆಕ್ಕದಲ್ಲಿ ಕೊಯ್ದುಕೊಡುತ್ತಿದ್ದವರು ಎರಡು ವರ್ಷದಿಂದ ಕೈಗೆ ಸಿಗುತ್ತಿಲ್ಲ. ಅಣ್ಣನಿಗೆ ಅರವತ್ತೊಂದು. ಗೀಸರ್ ಹಾಕಿಸೋಣ ಎಂದರೆ, "ನಿಂಗೆಂತ, ಗುಂಡಿ ಒತ್ರೆ ಬಿಸ್ನೀರ್ ಬತ್ತ್. ಇಲ್ಲ್ ಮಳೆಗಾಲ್ದಗೆ ಕರೆಂಟೇ ಇರುದಿಲ್ಲ" ಎಂದ.

ದುಡ್ಡು ನನ್ನದು, ಹಿಡಿಯುವ ಕೈ ಅವನದು. ಕಷ್ಟವಿದ್ದದ್ದು ಅಲ್ಲೇ.

ಆನ್‌ಲೈನಿನಲ್ಲಿ 58 ಸಿಸಿ, 22 ಇಂಚಿನ ಬಾರ್ ಇರುವ ಅಗ್ಗದ ಮೆಷಿನ್‌ಗಳು ಬೇಕಾದಷ್ಟಿವೆ. ಅಣ್ಣನ ಕಣ್ಣೂ ಅವುಗಳ ಮೇಲೇ ಇತ್ತು. ಆದರೆ ನಮ್ಮ ಹಿತ್ತಲಲ್ಲಿ ಕೊಯ್ಯುವುದು ಏನು? ಅಕೇಶಿಯಾದ ಗೆಲ್ಲು, ಒಣಗಿದ ಗೇರುಮರ, ಅಪರೂಪಕ್ಕೊಂದು ಮಾವು. ಒಂದಡಿ ದಪ್ಪದ ಬೊಡ್ಡೆಗೆ 16 ಇಂಚಿನ ಬಾರ್ ಧಾರಾಳ. ಬಾರ್ ಉದ್ದವಾದಷ್ಟೂ ಅದರ ತುದಿ ಎಲ್ಲಿದೆ ಎಂಬ ಅಂದಾಜು ತಪ್ಪುತ್ತದೆ. ಓಡುವ ಸರಪಳಿಯ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿದರೆ ಸಾಕು, ಇಡೀ ಬಾರ್ ಹಿಡಿದವನ ಮುಖದತ್ತ ಚಿಮ್ಮುತ್ತದೆ. ಆಗ ಉಳಿಸುವುದು ಮುಂದಿನ ಹಿಡಿಕೆಯೆದುರು ಇರುವ ಚೈನ್ ಬ್ರೇಕ್. ಅದೂ ಎಡಗೈ ಹೆಬ್ಬೆರಳು ಹಿಡಿಕೆಯನ್ನು ಸುತ್ತಿ ಹಿಡಿದಿದ್ದರೆ. ಹಾಗಾಗಿ ನಾನು ಸಿಸಿ ನೋಡುವುದನ್ನು ಬಿಟ್ಟು ತೂಕ ನೋಡತೊಡಗಿದೆ. ಆಂಡ್ರಿಯಾಸ್ ಸ್ಟೀಲ್ ಎಂಬ ಜರ್ಮನ್ ಇಂಜಿನಿಯರ್ 1926ರಲ್ಲಿ ಮಾಡಿದ ಮೊದಲ ವಿದ್ಯುತ್ ಗರಗಸ 48 ಕಿಲೋ ಇತ್ತಂತೆ, ಇಬ್ಬರು ಹಿಡಿಯಬೇಕಿತ್ತು. ಈಗ ಅದೇ ಹೆಸರಿನ ಕಂಪನಿಯ 30 ಸಿಸಿಯ ಸಣ್ಣ ಮಾದರಿ ನಾಲ್ಕು ಕಿಲೋ ಆಸುಪಾಸು. ನೋಯುವ ಭುಜಕ್ಕೆ ಅಷ್ಟೇ ಹೆಚ್ಚು.

ವಯರಿನದ್ದು ಅಣ್ಣನ ಕರೆಂಟಿನ ಮಾತಿಗೇ ಬಿದ್ದುಹೋಯಿತು. ಬ್ಯಾಟರಿಯದ್ದು ಸದ್ದು ಕಡಿಮೆ, ಹೊಗೆಯಿಲ್ಲ, ಆದರೆ ಬ್ಯಾಟರಿಯ ಬೆಲೆಯಲ್ಲೇ ಅರ್ಧ ಮೆಷಿನ್ ಬರುತ್ತದೆ. ಪೆಟ್ರೋಲಿನದ್ದೇ ಎಂದಾಯಿತು. ಲೀಟರಿಗೆ 20 ಎಂಎಲ್ ಟು-ಸ್ಟ್ರೋಕ್ ಎಣ್ಣೆ ಬೆರೆಸಬೇಕು, ಸರಪಳಿಗೆ ಬೇರೆ ಎಣ್ಣೆ. ಇಷ್ಟಾಗಿಯೂ ಸೀಳುವ ಕೆಲಸ ಕೊಡಲಿಗೇ. ಮೆಷಿನ್ ಅಡ್ಡ ಕೊಯ್ದು ತುಂಡು ಮಾಡುತ್ತದೆ, ಅಷ್ಟೆ. ಇದನ್ನು ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಕೊನೆಗೆ, ತುಂಡುಗಳನ್ನು ಒಂದಡಿಗೇ ಕೊಯ್ದರೆ ಅರ್ಧಕ್ಕರ್ಧ ಸೀಳದೆಯೇ ಉರಿಸಬಹುದು ಎಂದು ಅವನೇ ಲೆಕ್ಕ ಹಾಕಿದ.

ಮಸ್ಜಿದ್ ಬಂದರಿನ ಹತ್ತಿರದ ನಾಗದೇವಿ ಸ್ಟ್ರೀಟಿನಲ್ಲಿ ಇದೇ ಮೆಷಿನ್ ತುಸು ಕಡಿಮೆಗೆ ಸಿಗುತ್ತಿತ್ತು. ಆದರೆ ಮೇ ತಿಂಗಳ ಮಧ್ಯೆ ಕಾರ್ಬ್ಯುರೇಟರ್ ಕಟ್ಟಿಕೊಂಡರೆ ಅಣ್ಣ ಮತ್ಸ್ಯಗಂಧ ಹತ್ತಿ ಮುಂಬಯಿಗೆ ಬರುತ್ತಾನೆಯೇ? ರಿಪೇರಿ ಮಾಡುವ ಅಂಗಡಿ ಎಲ್ಲಿದೆಯೋ ಅಲ್ಲೇ ಕೊಳ್ಳಬೇಕು. ಬೈಕಿನಲ್ಲಿ ಹೋಗಿಬರುವಷ್ಟು ದೂರದ ಅಂಗಡಿಯಲ್ಲಿ ಅಣ್ಣನೇ ಎತ್ತಿ, ತೂಗಿ, ಸ್ಟಾರ್ಟ್ ಮಾಡಿ ನೋಡಿ ತಂದ.

ಜಗಳವಾಗಿದ್ದು ಪ್ಯಾಂಟಿನ ವಿಷಯಕ್ಕೆ. ಸರಪಳಿ ತಾಗಿದರೆ ಒಳಗಿನ ಉದ್ದ ನಾರುಗಳು ಸುತ್ತಿಕೊಂಡು ಅದನ್ನು ನಿಲ್ಲಿಸುವ ಪ್ಯಾಂಟ್ ಇದೆ. ನಮ್ಮಲ್ಲಿ ಮರ ಕೊಯ್ಯುವವರು ಲುಂಗಿ ಎತ್ತಿಕಟ್ಟಿ, ಹವಾಯಿ ಚಪ್ಪಲಿಯಲ್ಲಿ ನಿಂತಿರುತ್ತಾರೆ. ಮೆಷಿನ್‌ಗಿಂತ ಬಟ್ಟೆಗೆ ಜಾಸ್ತಿ ಖರ್ಚು ಮಾಡುತ್ತೀಯಾ ಎಂದು ಅಣ್ಣ ಬೈದ. "ಅವನ ಮಾತ್ ಕೇಂಬುದ್ ಬ್ಯಾಡ, ಕಳ್ಸ್" ಎಂದು ಅತ್ತಿಗೆ ಫೋನ್ ಕಸಿದುಕೊಂಡು ಹೇಳಿದರು. ಪ್ಯಾಂಟ್, ಬೂಟು, ಕಿವಿಗೆ ಮಫ್ (ಸದ್ದು 100 ಡೆಸಿಬಲ್ ದಾಟುತ್ತದೆ), ಸರಪಳಿ ಹರಿತ ಮಾಡಲು 4 ಮಿ.ಮೀ. ದಪ್ಪದ ಎರಡು ದುಂಡು ಅರ: ಇಷ್ಟನ್ನು ಮಾತ್ರ ಇಲ್ಲಿಂದ ಕಟ್ಟಿ ಕಳಿಸಿದೆ.